ಬೋರನ ಮೇಲಿನ ಹಲ್ಲು

ಕನಕಪುರದ ಬಸ್ ಸ್ಟ್ಯಾಂಡಿನ ಎದುರಿಗಿರುವ ಔಷಧಿ ಅಂಗಡಿಗೆ ಮೊನ್ನೆ ತಲೆನೋವಿನ ಮಾತ್ರೆ ತರಲು ಹೋಗಿದ್ದೆ. ಗಾಜಿನ ಕಪಾಟಿನಲ್ಲಿ ಮಕ್ಕಳ ಹೊಟ್ಟೆನೋವಿನ ಔಷಧಿಯ ಪಕ್ಕ ಒಂದು ಪುಟ್ಟ ಟ್ಯೂಬು ನಿಂತಿತ್ತು. ಅದರ ಮೇಲೆ ನಗುತ್ತಿರುವ ನಾಯಿಯ ಚಿತ್ರ.

"ಇದೇನಪ್ಪಾ?" ಅಂದೆ.

"ನಾಯಿ ಪೇಸ್ಟು ಮೇಡಂ. ಹಲ್ಲುಜ್ಜಕ್ಕೆ. ಕೋಳಿ ರುಚಿ ಇರ್ತದೆ. ಬೆರಳಿಗೆ ಹಾಕ್ಕೊಳೋ ಬ್ರಷ್ಷೂ ಜೊತೇಲೇ ಬರ್ತದೆ. ಕೊಡ್ಲಾ?"

ನಮ್ಮ ಮನೆಯಲ್ಲಿ ಈಗ ನಾಯಿಯಿಲ್ಲ. ಆದರೂ ಆ ಟ್ಯೂಬನ್ನು ಕೈಗೆ ತೆಗೆದುಕೊಂಡು, ಹಿಂದುಮುಂದು ತಿರುಗಿಸಿ, ಕನ್ನಡಕ ಏರಿಸಿ ಓದಿ, ವಾಪಸ್ಸು ಕೊಟ್ಟು, ತಲೆನೋವಿನ ಮಾತ್ರೆ ಕೇಳುವುದನ್ನೇ ಮರೆತು ಮನೆಗೆ ಬಂದೆ. ದಾರಿಯುದ್ದಕ್ಕೂ ತಲೆಯೊಳಗೆ ಬೋರನೇ ಓಡಾಡುತ್ತಿದ್ದ.

ಬೋರ ನಮ್ಮ ನಾಯಿ. ಆಗ ನಾವಿದ್ದದ್ದು ಹಾರೋಹಳ್ಳಿಯಿಂದ ಒಸಿ ಒಳಗಿರುವ ನನ್ನ ಗಂಡನ ಊರಿನಲ್ಲಿ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ ನಿಂಗಮ್ಮ. ಯಜಮಾನರಿಗೆ ಹಿಪ್ಪುನೇರಳೆ ತೋಟ, ರೇಷ್ಮೆಹುಳು. ನನಗೆ ಪಕ್ಕದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ. ಮನೆಯ ಉಳಿದೆಲ್ಲ ಖಾತೆಗಳೂ ಅತ್ತೆಯವು. ಬೋರ ಅವರ ಖಾತೆಯಲ್ಲೇ ಬರುತ್ತಿದ್ದ. ದೊಡ್ಡಆಲಹಳ್ಳಿಯ ನೆಂಟರ ಮನೆಯಿಂದ ಯಜಮಾನರು ಅವನನ್ನು ಚೀಲದಲ್ಲಿ ಹಾಕಿಕೊಂಡು, ಮುಖ ಮಾತ್ರ ಹೊರಗಿರಿಸಿ, ಟಿವಿಎಸ್ ಗಾಡಿಯಲ್ಲಿ ತಂದಿದ್ದರು. ಇಳಿದ ಕೂಡಲೇ ಅವನು ಮಾಡಿದ ಮೊದಲ ಕೆಲಸ ನನ್ನ ಚಪ್ಪಲಿಯ ಉಂಗುಷ್ಠ ಕಡಿದದ್ದು. ಎರಡನೆಯದು, ನಾನು ತವರಿನಿಂದ ತಂದಿದ್ದ ಚನ್ನಪಟ್ಟಣದ ಕೆಂಪು ಮರದ ಕುದುರೆಯ ಕಿವಿ ಕಡಿದದ್ದು.

ನನ್ನ ತವರು ದೊಡ್ಡಮಳೂರು. ಅಲ್ಲಿ ನಮಗೆ ಹಲ್ಲು ಬಿದ್ದರೆ ಅಜ್ಜಿ ಅದನ್ನು ಸಗಣಿಯ ಉಂಡೆಯೊಳಗಿಟ್ಟು ಮಾಡಿನ ಮೇಲೆ ಎಸೆಯಲು ಹೇಳುತ್ತಿದ್ದಳು. ಸರಿಯಾಗಿ ಎಸೆದರೆ ಹೊಸ ಹಲ್ಲು ನೆಟ್ಟಗೆ ಬರುತ್ತದಂತೆ. ನನ್ನದೊಂದು ಉಂಡೆ ಜಾರಿ ನೇರ ಪಕ್ಕದ ಮನೆಯವರ ಹಪ್ಪಳದ ಮೇಲೆ ಬಿತ್ತು. ಇವತ್ತಿಗೂ ನನ್ನ ಮುಂದಿನ ಹಲ್ಲೊಂದು ಸೊಟ್ಟಗಿದೆ. ಹಪ್ಪಳವೇ ಕಾರಣ ಎಂದು ನಂಬಿದ್ದೇನೆ. ನಾಯಿಮರಿಗೂ ಹಾಲುಹಲ್ಲು ಇರುತ್ತವೆ, ನಾಲ್ಕೈದು ತಿಂಗಳಿಗೆ ಅವು ಬೀಳತೊಡಗುತ್ತವೆ, ಎಷ್ಟೋ ಸಲ ಮರಿಗಳು ಅವನ್ನು ನುಂಗಿಯೇಬಿಡುತ್ತವೆ ಎಂದು ನನಗೆ ಗೊತ್ತಾದದ್ದು ಬೋರನ ಒಂದು ಹಲ್ಲು ಆ ಮರದ ಕುದುರೆಯ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿದ್ದನ್ನು ಕಂಡ ಮೇಲೆ. ಅಕ್ಕಿಕಾಳಿನಷ್ಟು ಸಣ್ಣದು, ಸೂಜಿಯಷ್ಟು ಚೂಪು.

ನಾಯಿಯ ಹಲ್ಲಿನ ಬಗ್ಗೆ ನನಗೆ ಗೊತ್ತಿರಲಿಲ್ಲ ಅಂತಲ್ಲ. ಒಂಬತ್ತನೇ ಕ್ಲಾಸಿಗೆ ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಬಾಚಿಹಲ್ಲು ಕಚ್ಚಲು, ಕೋರೆಹಲ್ಲು ಸೀಳಲು, ಹಿಂದಿನ ದವಡೆಹಲ್ಲು ಕತ್ತರಿಯಂತೆ ಕತ್ತರಿಸಲು. ದೊಡ್ಡ ನಾಯಿಗೆ ನಲವತ್ತೆರಡು, ಬೆಕ್ಕಿಗೆ ಮೂವತ್ತು. ನಮ್ಮ ಹಾಗೆ ನಾಯಿಯ ದವಡೆ ಆಚೀಚೆ ಅರೆಯುವುದಿಲ್ಲ, ಮೇಲೆಕೆಳಗೆ ಮಾತ್ರ ಆಡುತ್ತದೆ. ಇಷ್ಟನ್ನೂ ಕಂಠಪಾಠ ಮಾಡಿಸಿ, ಮನೆಗೆ ಬಂದು, ಜಗಲಿಯಲ್ಲಿ ಬಾಯಿ ತೆರೆದು ಆಕಳಿಸುತ್ತಿದ್ದ ನಲವತ್ತೆರಡು ಹಲ್ಲುಗಳನ್ನು ದಾಟಿಕೊಂಡು ಒಳಗೆ ಹೋಗಿ ಕಾಫಿ ಕುಡಿಯುತ್ತಿದ್ದೆ.

ಬೋರ ದೊಡ್ಡವನಾಗುವ ಹೊತ್ತಿಗೆ ನಮ್ಮ ಕಡೆ ಫ್ಯಾಕ್ಟರಿಗಳು ಬರತೊಡಗಿದ್ದವು. ರಾಗಿ ಹೊಲಗಳ ನಡುವೆ ಮೊದಲು ಕಲ್ಲು ನೆಟ್ಟರು, ಆಮೇಲೆ ಜೆಸಿಬಿ ಬಂತು, ಆಮೇಲೆ ತಗಡಿನ ಶೆಡ್ಡುಗಳು, ಅವುಗಳ ಸುತ್ತ ತಂತಿಬಲೆಯ ಬೇಲಿ. ನಮ್ಮ ತೋಟದ ಪಡುವಣಕ್ಕೆ ಎದ್ದ ಒಂದು ಫ್ಯಾಕ್ಟರಿಯ ಬೇಲಿ, ಬೋರ ಮರಿಯಾಗಿದ್ದಾಗಿನಿಂದ ಮೊಲ ಅಟ್ಟಿಕೊಂಡು ಹೋಗುತ್ತಿದ್ದ ದಾರಿಗೇ ಅಡ್ಡ ಬಂತು. ಊರಿನವರು ಬೇಲಿಯನ್ನು ಒಪ್ಪಿಕೊಂಡರು. ಬೋರ ಒಪ್ಪಲಿಲ್ಲ. ದಿನಾ ಹೋಗಿ ತಂತಿ ಕಡಿಯುತ್ತಿದ್ದ. ಬೇಲಿಯ ಆಚೆ ಕ್ಯಾಂಟೀನು ಶುರುವಾಗಿ, ಮಧ್ಯಾಹ್ನದ ಸೈರನ್ನಿಗೆ ಅನ್ನ ಸಾಂಬಾರಿನ ವಾಸನೆ ಬರತೊಡಗಿದ ಮೇಲಂತೂ ಕಡಿತ ಇನ್ನಷ್ಟು ಜೋರಾಯಿತು. ಕೊನೆಗೆ ಗೇಟಿನ ವಾಚ್‌ಮನ್ನೇ ಇವನನ್ನು ಒಳಗೆ ಬಿಟ್ಟುಕೊಂಡ. ಅಲ್ಲಿಂದ ಮುಂದೆ ಬೋರ ಸೈರನ್ನಿಗೆ ಸರಿಯಾಗಿ ಡ್ಯೂಟಿಗೆ ಹೋಗಿ, ಊಟ ಮುಗಿಸಿ, ನಮ್ಮ ಜಗಲಿಗೆ ಬಂದು ಮಲಗುತ್ತಿದ್ದ. "ನಮ್ಮನೇಲಿ ಫ್ಯಾಕ್ಟ್ರಿ ಕೆಲಸ ಸಿಕ್ಕಿರೋದು ಇವನೊಬ್ಬನಿಗೇ" ಅಂತ ಯಜಮಾನರು ನಗುತ್ತಿದ್ದರು.

ರಾತ್ರಿಗೆ ಮಾತ್ರ ಅತ್ತೆಯ ಕೈಯ ಮುದ್ದೆಯೇ ಆಗಬೇಕು. ಮುದ್ದೆಯನ್ನು ನಮ್ಮ ಕಡೆ ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದು. ಮದುವೆಯಾದ ಹೊಸದರಲ್ಲಿ ದೂರದ ನೆಂಟರೊಬ್ಬರು ಮುದ್ದೆ ಅಗಿದದ್ದನ್ನು ನೋಡಿ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದ್ದರು. ಬೋರನೂ ಹಾಗೆಯೇ ಗುಳುಂ ಎಂದು ನುಂಗುತ್ತಿದ್ದ. ಹಲ್ಲಿಗೆ ಕೆಲಸವೇ ಇಲ್ಲ. ಆದ್ದರಿಂದ ಹಲ್ಲು ಕೆಟ್ಟರೂ ಯಾರಿಗೂ ತಿಳಿಯುವುದಿಲ್ಲ.

ಅದೊಂದು ವರ್ಷ, ಮಳೆಗಾಲ ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ನೋಡಿದರೆ ಬೋರನ ಬಲಗಣ್ಣಿನ ಕೆಳಗೆ ನೆಲ್ಲಿಕಾಯಿಯಷ್ಟು ಊತ. ಕಣ್ಣು ಅರ್ಧ ಮುಚ್ಚಿದೆ.

"ಏನೋ ಕಚ್ಚೈತೆ ಕಣವ್ವ. ಕಣಜ ಇರಬೌದು" ಅಂದರು ಅತ್ತೆ. ನಾನೂ ವಿಜ್ಞಾನದ ಟೀಚರಾಗಿ ಹತ್ತಿರದಿಂದ ನೋಡಿ, "ಹೌದು, ಕಣಜವೇ" ಎಂದು ಒಪ್ಪಿಗೆ ಕೊಟ್ಟೆ. ಅತ್ತೆ ನಂದಿಬಟ್ಟಲ ಹೂವಿನ ರಸ ಹಿಂಡಿ ಕಣ್ಣಿಗೆ ಬಿಟ್ಟರು. ಊತ ಒಂದೆರಡು ದಿನ ಇಳಿದಂತೆ ಕಂಡು, ಮತ್ತೆ ಬಂತು. ಬೋರ ಸೈರನ್ನಿಗೆ ಏಳುವುದನ್ನು ಬಿಟ್ಟ. ಬಾಯಿಂದ ಜೊಲ್ಲು ಇಳಿಯತೊಡಗಿತು. ಅತ್ತೆ ಮತ್ತೆ ರಸ ಬಿಡಲು ಮುಖ ಹಿಡಿದಾಗ ಗರ್ರ್ ಎಂದು ಬಾಯಿ ಹಾಕಿಬಿಟ್ಟ. ಹಲ್ಲು ತಾಗಲಿಲ್ಲ, ನಿಜ. ಆದರೆ ಅಷ್ಟು ವರ್ಷ ಅವನು ಅತ್ತೆಯ ಮೇಲೆ ಗುರುಗುಟ್ಟಿದವನೇ ಅಲ್ಲ.

ಇದನ್ನು ಪಕ್ಕದ ಮನೆಯ ಚಿಕ್ಕಣ್ಣ ಕಣ್ಣಾರೆ ಕಂಡರು. ಅವರ ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗಳಿದ್ದಳು. ಅವರ ಭಯ ಸುಳ್ಳಲ್ಲ.

"ನಿಂಗಕ್ಕ, ಇದುಕ್ಕೆ ಹುಚ್ಚು ಹಿಡ್ದೈತೆ. ಜೊಲ್ ನೋಡು. ಸಾಕಿರೋ ಕೈಗೇ ಬಾಯಿ ಹಾಕ್ತು. ಇನ್ ಮಡೀಕಬ್ಯಾಡ."

"ಹುಚ್ಚೂ ಇಲ್ಲ ಏನೂ ಇಲ್ಲ. ಅವುನ್ಗೆ ಕಣ್ ನೋಯ್ತಾ ಐತೆ."

"ಕಣ್ ನೋವ್ಗೆ ಜೊಲ್ ಸುರೀತದಾ? ನಾಳೆ ಮಗೀಗೆ ಕಚ್ಚಿದ್ರೆ ಯಾರ್ ಹೊಣೆ? ನೀವ್ ಮಾಡ್ನಿಲ್ಲ ಅಂದ್ರೆ ನಾವೇ ಒಂದ್ ದಾರಿ ನೋಡ್ತೀವಿ."

ದಾರಿ ಅಂದರೆ ಏನು ಎಂದು ನಮಗೆಲ್ಲ ಗೊತ್ತಿತ್ತು. ಹಿಂದೊಮ್ಮೆ ಊರಾಚೆ ಒಂದು ನಾಯಿಗೆ ಆ ದಾರಿ ತೋರಿಸಿದ್ದರು. ಯಜಮಾನರು ಬೋರನನ್ನು ಹಿಪ್ಪುನೇರಳೆ ತೋಟದ ಹಲಸಿನ ಮರಕ್ಕೆ ಸರಪಳಿಯಲ್ಲಿ ಕಟ್ಟಿದರು. ನಾನು ಅತ್ತೆಗೆ, ದೂರದಿಂದಲೇ ನೀರಿಡಿ, ಮುಟ್ಟಬೇಡಿ ಅಂದೆ. ಅತ್ತೆ ಆ ದಿನವೆಲ್ಲ ಮರದಿಂದ ಹತ್ತು ಮಾರು ಆಚೆ ಚಾಪೆ ಹಾಕಿಕೊಂಡು, ಅಲಸಂದೆಕಾಯಿ ಬಿಡಿಸುವ ನೆಪದಲ್ಲಿ ಕೂತೇ ಇದ್ದರು.

ಮಾರನೆಯ ದಿನ ಭಾನುವಾರ. ಚಿಕ್ಕಣ್ಣನ ಸೀಮೆಹಸುವಿಗೆ ಜ್ವರ ಎಂದು ಕನಕಪುರದಿಂದ ಪಶುವೈದ್ಯೆ ಸ್ಕೂಟರಿನಲ್ಲಿ ಬಂದರು. ಡಾಕ್ಟ್ರಮ್ಮ ಅಂತಲೇ ನಾವೆಲ್ಲ ಕರೆಯುತ್ತಿದ್ದೆವು. ಹಸುವಿಗೆ ಇಂಜೆಕ್ಷನ್ ಕೊಟ್ಟು ಕೈ ತೊಳೆಯುತ್ತಿದ್ದವರನ್ನು ಚಿಕ್ಕಣ್ಣನೇ ನಮ್ಮ ತೋಟಕ್ಕೆ ಕರೆತಂದರು. "ಇದುಕ್ಕೂ ಒಂದು ಇಂಜೆಕ್ಷನ್ ಕೊಟ್ ಮಲಗಿಸ್ಬುಡಿ" ಎನ್ನುವುದು ಅವರ ಕೋರಿಕೆ.

ಡಾಕ್ಟ್ರಮ್ಮ ಹತ್ತಿರ ಹೋಗಲಿಲ್ಲ. ದೂರ ನಿಂತು ಸುಮಾರು ಹೊತ್ತು ನೋಡಿದರು.

"ಯಾರಿಗಾದರೂ ಕಚ್ಚಿದೆಯಾ? ಬೇರೆ ನಾಯಿ ಇದಕ್ಕೆ ಕಚ್ಚಿತ್ತಾ?"

"ಇಲ್ಲ."

"ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ್ದೀರಾ?"

ಇದಕ್ಕೆ ನಾನು ಎದೆ ಸೆಟೆಸಿ ಉತ್ತರ ಕೊಟ್ಟೆ. ನಮ್ಮ ಸ್ಕೂಲಿನ ಅಂಗಳದಲ್ಲಿ ವರ್ಷವರ್ಷ ಲಸಿಕೆ ಶಿಬಿರ ನಡೆಯುತ್ತಿತ್ತು, ಮೊದಲ ಸೂಜಿ ಬೋರನಿಗೇ.

"ನೀರು ಕುಡೀತಾನಾ?"

ಅತ್ತೆ ನೀರಿನ ಬಾನಿಯನ್ನು ಕೋಲಿನಿಂದ ಅವನತ್ತ ತಳ್ಳಿದರು. ಬೋರ ನೀರು ಕುಡಿದ. ಅತ್ತೆಯನ್ನು ನೋಡಿ ಬಾಲ ಆಡಿಸಿದ. ಡಾಕ್ಟ್ರಮ್ಮ ರಾತ್ರಿಯ ಕೋಳಿಸಾರಿನ ಒಂದು ತುಂಡು ಮಾಂಸ ತರಿಸಿ ಅವನ ಮುಂದೆ ಹಾಕಿಸಿದರು. ಬೋರ ಅದನ್ನು ಬಾಯಿಗೆ ಹಾಕಿಕೊಂಡು, ತಲೆ ಎಡಕ್ಕೆ ವಾಲಿಸಿ, ಎಡದವಡೆಯಲ್ಲಿ ಒಮ್ಮೆ ಕಡಿದು, ಕುಂಯ್ ಎಂದು ಕೆಳಗೆ ಬೀಳಿಸಿದ. ಮತ್ತೆ ಎತ್ತಿಕೊಂಡ. ಮತ್ತೆ ಬೀಳಿಸಿದ.

"ನೋಡಿದ್ರಾ? ಹಸಿವಿದೆ. ಅಗಿಯೋಕಾಗ್ತಿಲ್ಲ. ಇದು ಕಣ್ಣಲ್ಲ, ಹಲ್ಲು."

ಆಮೇಲೆ ದಪ್ಪ ಗ್ಲೌಸು ಹಾಕಿಕೊಂಡು, ಯಜಮಾನರಿಂದ ಹಿಡಿಸಿ, ಮೂತಿಗೆ ಬಟ್ಟೆ ಕಟ್ಟಿಸಿ, ತುಟಿಯನ್ನು ಮೆಲ್ಲಗೆ ಮೇಲಕ್ಕೆತ್ತಿದರು. ಆ ವಾಸನೆ! ಚಿಕ್ಕಣ್ಣ ಎರಡು ಹೆಜ್ಜೆ ಹಿಂದೆ ಸರಿದರು. ಹಲ್ಲುಗಳ ಬುಡದಲ್ಲೆಲ್ಲ ಹಳದಿ ಕಿಟ್ಟ ಹಳೆಯ ಹಂಡೆಯೊಳಗಿನ ಸುಣ್ಣದ ಹಾಗೆ ಗಟ್ಟಿಯಾಗಿ ಕಟ್ಟಿತ್ತು. ವಸಡು ಕೆಂಪಗೆ ಊದಿತ್ತು. ಮೇಲಿನ ಸಾಲಿನಲ್ಲಿ ಹಿಂದಕ್ಕೆ, ಎಲ್ಲಕ್ಕಿಂತ ದೊಡ್ಡದಾದ ಒಂದು ಹಲ್ಲಿನ ಹೊರಮೈ ಸೀಳಿ ಹೋಗಿತ್ತು.

"ಮಾಂಸ ಕತ್ತರಿಸೋ ಹಲ್ಲು ಇದೇ. ಮೂರು ಬೇರು ಇದಕ್ಕೆ, ಕಣ್ಣಿನ ಕೆಳಗಿನವರೆಗೂ ಹೋಗಿರುತ್ತೆ. ಗಟ್ಟಿ ಮೂಳೆ, ಕಲ್ಲು, ಕಬ್ಬಿಣ ಏನಾದರೂ ಕಡಿದ್ರೆ ಹೀಗೆ ಸೀಳತ್ತೆ. ಒಳಗೆ ಕೀವು ತುಂಬಿದೆ, ಅದೇ ಕಣ್ಣಿನ ಕೆಳಗೆ ಊದಿರೋದು."

ಎಲ್ಲರೂ ಒಟ್ಟಿಗೆ ಪಡುವಣದ ಬೇಲಿಯ ಕಡೆ ನೋಡಿದೆವು.

ನನಗೆ ಆ ಗಳಿಗೆಯಲ್ಲಿ ನೆನಪಾದದ್ದು ದೊಡ್ಡಮಳೂರಿನ ನಮ್ಮ ಬೆಕ್ಕು. ಹಾಲಿನ ಬಟ್ಟಲ ಹತ್ತಿರ ಆಸೆಯಿಂದ ಬರುವುದು, ಒಂದು ಸಲ ನಾಲಗೆ ಹಾಕುವುದು, ತಕ್ಷಣ ಬಟ್ಟಲಿಗೇ ಬುಸ್ ಎಂದು ಓಡಿಹೋಗುವುದು. ಬಟ್ಟಲಿಗೆ ಯಾರದೋ ಕಣ್ಣು ಬಿದ್ದಿದೆ ಎಂದು ಅಜ್ಜಿ ಬಟ್ಟಲು ಬದಲಿಸಿದಳು. ಕಂಚಿನದು, ಮಣ್ಣಿನದು, ತೆಂಗಿನ ಚಿಪ್ಪು. ಬೆಕ್ಕು ಎಲ್ಲಕ್ಕೂ ಬುಸ್ ಅಂತು. ಇದನ್ನು ಅಲ್ಲೇ ಹೇಳಿದೆ. ಡಾಕ್ಟ್ರಮ್ಮ ನಕ್ಕು, ಬೆಕ್ಕುಗಳಿಗೆ ವಸಡು, ಬಾಯಿ ಎಲ್ಲ ಹುಣ್ಣಾಗುವ ಕಾಯಿಲೆ ಬರುತ್ತದೆ, ನೋವು ಬಟ್ಟಲಿನಿಂದಲೇ ಬಂತು ಎಂದು ಅವಕ್ಕೆ ಅನ್ನಿಸುತ್ತಿರಬೇಕು ಎಂದರು. ಪಾಪ, ಆ ಬೆಕ್ಕು ದಿನಾ ಬಾಯಿ ತೆರೆದು ಹೇಳುತ್ತಿತ್ತು. ನಾವು ಬಟ್ಟಲು ನೋಡುತ್ತಿದ್ದೆವು.

ಡಾಕ್ಟ್ರಮ್ಮ ಮಾತ್ರೆ ಕೊಟ್ಟರು. ಆದರೂ ಎಚ್ಚರಿಕೆಗೆ ಕಟ್ಟಿಯೇ ಇರಲಿ, ಮಗು ಹತ್ತಿರ ಬರದಿರಲಿ, ಬಾಯಿಗೆ ಕೈ ಹಾಕಬೇಡಿ ಎಂದರು. ಕೀವು ಇಳಿದ ಮೇಲೆ ಆಸ್ಪತ್ರೆಗೆ ತನ್ನಿ, ಅರಿವಳಿಕೆ ಕೊಟ್ಟು ಆ ಹಲ್ಲು ಕೀಳುತ್ತೇನೆ ಎಂದರು.

ಅತ್ತೆ ಮಾತ್ರ "ಬ್ಯಾಡ" ಅಂದುಬಿಟ್ಟರು.

"ಯಾಕಮ್ಮ?"

"ಮೇಲಿನ ಹಲ್ಲು ಕಿತ್ರೆ ಕಣ್ ಹೋಯ್ತದೆ. ನಮ್ ಸೋದರತ್ತೆಗೆ ಹಂಗೇ ಆಯ್ತು. ಮೇಲಿನ ಹಲ್ಲು ಕೀಳಿಸ್ದ್ರು, ಕಣ್ಣೇ ಕಾಣ್ದಂಗಾಯ್ತು. ನಾನೇ ಕೈ ಹಿಡ್ಕೊಂಡು ನಡೆಸ್ತಿದ್ದೆ. ಬೋರಂಗೆ ಹಂಗಾಗಾದು ಬ್ಯಾಡ. ಕುಲ್ಡು ನಾಯೀನ ಯಾರು ಉಳಿಸ್ತಾರೆ?"

ಡಾಕ್ಟ್ರಮ್ಮ ನಗಲಿಲ್ಲ. ಅತ್ತೆಯ ಚಾಪೆಯ ಮೇಲೆ ಕೂತು ನಿಧಾನವಾಗಿ ಹೇಳಿದರು: "ನಿಮ್ಮ ಸೋದರತ್ತೆಗೆ ಪೊರೆ ಬಂದಿರಬಹುದಮ್ಮ, ವಯಸ್ಸಾಗಿತ್ತೇನೋ. ಹಲ್ಲಿನ ಬೇರು ಬೇರೆ, ಕಣ್ಣಿನ ನರ ಬೇರೆ. ಈಗ ಇವನ ಕಣ್ಣು ಮುಚ್ಚಿಸಿರೋದೇ ಆ ಹಲ್ಲು. ಬಿಟ್ರೇನೇ ಅಪಾಯ."

ಅತ್ತೆ ಎದ್ದು ಬೋರನ ಬಾನಿಗೆ ನೀರು ತರಲು ಹೋದರು. ಆದರೆ ಹಲ್ಲು ಕೀಳುವ ದಿನ ಎಲ್ಲರಿಗಿಂತ ಮೊದಲು ಲಗೇಜ್ ಆಟೋ ಹತ್ತಿ ಕೂತಿದ್ದವರು ಅವರೇ.

ಆಸ್ಪತ್ರೆಯಲ್ಲಿ ಡಾಕ್ಟ್ರಮ್ಮ ಮೊದಲೇ ಹೇಳಿಬಿಟ್ಟರು: "ನನಗೆ ದಿನಾ ಹಸು, ಎಮ್ಮೆ. ನಾಯಿ ಹಲ್ಲು ಕಿತ್ತು ಬಹಳ ದಿನ ಆಯ್ತು. ಹೊತ್ತಾಗುತ್ತೆ, ಗಾಬರಿಯಾಗಬೇಡಿ." ನಿಜವಾಗಿಯೂ ಹೊತ್ತಾಯಿತು. ಮೂರು ಬೇರಿನ ಹಲ್ಲು ಇಡಿಯಾಗಿ ಬರುವುದಿಲ್ಲ, ಭಾಗ ಮಾಡಿ ಒಂದೊಂದೇ ಬೇರು ಸಡಿಲಿಸಬೇಕಂತೆ. ಯಜಮಾನರು ಹೊರಗೆ ಬೀಡಿ ಸೇದುತ್ತಾ ಅಡ್ಡಾಡಿದರು. ನಾನು ಗೋಡೆಯ ಮೇಲಿದ್ದ ಕಾಲುಬಾಯಿ ಜ್ವರದ ಭಿತ್ತಿಪತ್ರವನ್ನು ಮತ್ತೆಮತ್ತೆ ಓದಿದೆ. ಅತ್ತೆ ಮುಚ್ಚಿದ ಬಾಗಿಲನ್ನೇ ನೋಡುತ್ತಾ, ಬಲಗೆನ್ನೆಗೆ ಅಂಗೈ ಒತ್ತಿಕೊಂಡು ಕೂತಿದ್ದರು. ದುಃಖಕ್ಕೆ ಹಾಗೆ ಕೂತಿದ್ದಾರೆ ಅಂದುಕೊಂಡೆ.

ಬಾಗಿಲು ತೆರೆದಾಗ ಬೋರ ಕಟ್ಟೆಯ ಮೇಲೆ ನಾಲಗೆ ಹೊರಹಾಕಿ ಮಲಗಿದ್ದ. ಕಿಟ್ಟವನ್ನೂ ಕೆರೆದು ತೆಗೆದಿದ್ದರು; ಕೋರೆಹಲ್ಲುಗಳು ಹೊಸದಾಗಿ ಹುಟ್ಟಿದವುಗಳ ಹಾಗೆ ಬೆಳ್ಳಗಿದ್ದವು.

ಮನೆಗೆ ಬಂದ ಮೇಲೆ ಅತ್ತೆ ಶುರು ಮಾಡಿದರು ತಮ್ಮ ಪರೀಕ್ಷೆ. ನಾನು ಸ್ಕೂಲಿನ ಪ್ರಯೋಗಾಲಯದಲ್ಲಿ ಅಷ್ಟು ಶ್ರದ್ಧೆಯಿಂದ ಯಾವ ಪ್ರಯೋಗವನ್ನೂ ಮಾಡಿಸಿದ್ದಿಲ್ಲ. ಬೋರನ ಎಡಗಣ್ಣಿಗೆ ಸೆರಗು ಅಡ್ಡ ಹಿಡಿದು, ಬಲಗಡೆ ಸದ್ದಿಲ್ಲದೆ ಮುದ್ದೆಯ ಚೂರು ತೋರಿಸುವುದು. ಅವನು ಮೂತಿ ತಿರುಗಿಸಿದರೆ, "ವಾಸ್ನೆಗೆ ತಿರುಗ್ತಾ ಅವ್ನೆ" ಎಂದು ಅನುಮಾನ. ಮುದ್ದೆ ಬಿಟ್ಟು ವಾಸನೆಯಿಲ್ಲದ ಕಡ್ಡಿ. ಕಡ್ಡಿಗೂ ತಿರುಗಿದ. ಊತ ಇಳಿದು ಕಣ್ಣು ಅಗಲವಾಗಿ ತೆರೆಯಿತು. ಒಂದು ಸಂಜೆ ಬಲಗಡೆಯಿಂದ ಹಾರಿಬಂದ ಚಿಟ್ಟೆಗೆ ಬೋರ ಎಗರಿದ್ದನ್ನು ನೋಡಿದ ಅತ್ತೆ, ಒಲೆಯ ಮುಂದೆ ಕೂತಿದ್ದ ನನ್ನ ಹತ್ತಿರ ಬಂದು ನಿಂತರು.

"ಕಣ್ ಕಾಣ್ತದೆ ಕಣವ್ವ ಅವುಂಗೆ."

"ಕಾಣ್ದೆ ಏನತ್ತೆ?"

"ಹಂಗಾರೆ ನಂದೂ ಒಂದ್ ಕೀಳಿಸ್ಬುಡು."

ನನಗೆ ಅರ್ಥವೇ ಆಗಲಿಲ್ಲ. ಅತ್ತೆ ಒಲೆಯ ಬೆಳಕಿಗೆ ಬಗ್ಗಿ ಬಾಯಿ ತೆರೆದರು. ಬಲಗಡೆ ಮೇಲೆ, ಹಿಂದಕ್ಕೆ, ಕರ್ರಗೆ ಟೊಳ್ಳಾದ ಒಂದು ಹಲ್ಲು.

"ಎಷ್ಟು ದಿನದಿಂದ ಅತ್ತೆ?"

"ಯಾರ್ಗ್ ಗೊತ್ತು? ಸುಮಾರ್ ವರ್ಸ ಆಯ್ತು. ಲವಂಗ ಮಡೀಕತೀನಿ, ಸುಮ್ನಾಯ್ತದೆ. ಮುದ್ದೆ ನುಂಗಕ್ಕೆ ಹಲ್ಯಾಕೆ?"

ವರ್ಷಗಟ್ಟಲೆ ಒಂದೇ ಸಾಲಿನಲ್ಲಿ ಕೂತು ಉಂಡಿದ್ದೇವೆ. ಕೋಳಿಸಾರು ಮಾಡಿದ ದಿನ ಅತ್ತೆ ತಮ್ಮ ಪಾಲಿನ ತುಂಡುಗಳನ್ನೆಲ್ಲ ಬೋರನಿಗೆ ಹಾಕುತ್ತಿದ್ದರು. ಅದನ್ನು ನಾನು ಪ್ರೀತಿ ಎಂದು ತಿಳಿದು ನಮ್ಮ ಸ್ಟಾಫ್ ರೂಮಿನಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ಪ್ರೀತಿಯೂ ಇತ್ತು ಬಿಡಿ.

ಮುಂದಿನ ಶನಿವಾರ ಮಧ್ಯಾಹ್ನ ಇಬ್ಬರೂ ಕನಕಪುರದ ಹಲ್ಲಿನ ಡಾಕ್ಟರ ಬಳಿ ಹೋದೆವು. ಆ ಕುರ್ಚಿ ಹಿಂದಕ್ಕೆ ವಾಲಿದಾಗ ಅತ್ತೆ ಎರಡೂ ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡರು; ನನ್ನ ಎರಡು ಗಾಜಿನ ಬಳೆ ಒಡೆದವು. ಡಾಕ್ಟರು, "ಭಯ ಆಗ್ತಿದೆಯಾ ಅಜ್ಜಿ?" ಅಂದರು.

"ಇಲ್ಲ ಕಣಪ್ಪ. ನಮ್ಮ ಬೋರಂಗೂ ಇದೇ ಹಲ್ಲು ಕಿತ್ತವ್ರೆ. ಅವುಂಗೇನೂ ಆಗ್ನಿಲ್ಲ."

"ಬೋರಪ್ಪ ಅಂದ್ರೆ ನಿಮ್ಮ ಮಗನಾ?"

ಅತ್ತೆ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. "ಮನೇವ್ನೇ" ಅಂದು ಅತ್ತೆ ಬಾಯಿ ತೆರೆದರು.

ಹಲ್ಲು ಕಿತ್ತದ್ದಾಯಿತು. ಡಾಕ್ಟರು ಹತ್ತಿಯ ಉಂಡೆಯಿಟ್ಟು, ಕಚ್ಚಿ ಹಿಡಿದುಕೊಳ್ಳಿ, ಮಾತಾಡಬೇಡಿ, ತೆಗೆಯಬೇಡಿ ಎಂದು ಕಳಿಸಿದರು. ಹಾರೋಹಳ್ಳಿಯ ಕಡೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಊರು ದಾಟಿ ಸ್ವಲ್ಪ ಹೊತ್ತಾದ ಮೇಲೆ ನೋಡುತ್ತೇನೆ, ಅತ್ತೆ ಸೆರಗಿನ ತುದಿ ಮಡಚಿ ಎಡಗಣ್ಣಿಗೆ ಒತ್ತಿ ಹಿಡಿದಿದ್ದಾರೆ. ಬಲಗಣ್ಣೊಂದನ್ನೇ ತೆರೆದು ಹೊರಗೆ ನೋಡುತ್ತಿದ್ದಾರೆ. ತಗಡಿನ ಶೆಡ್ಡುಗಳು ಹೋದವು, ಲಾರಿಗಳ ಸಾಲು ಹೋಯಿತು, ಉದ್ದುದ್ದ ಕಾಂಪೌಂಡು ಗೋಡೆ ಹೋಯಿತು.

ಎರಡು ಫ್ಯಾಕ್ಟರಿಗಳ ನಡುವೆ ಇನ್ನೂ ಯಾರೂ ಕೊಳ್ಳದೆ ಉಳಿದಿದ್ದ ಒಂದು ಪಟ್ಟೆ ಹೊಲ ಬಂತು. ಅತ್ತೆ ನನ್ನ ತೊಡೆ ತಟ್ಟಿ, ಬಾಯಲ್ಲಿ ಹತ್ತಿಯಿಟ್ಟುಕೊಂಡೇ ಏನೋ ಅಂದರು. ತಿಳಿಯಲಿಲ್ಲ. ಮತ್ತೊಮ್ಮೆ ಅಂದರು. ಆಗಲೂ ತಿಳಿಯಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಪಕ್ಕಕ್ಕಿಟ್ಟು, ಹತ್ತಿಯನ್ನು ಬಾಯಿಂದ ತೆಗೆದು ಬೆರಳಲ್ಲಿ ಹಿಡಿದುಕೊಂಡು ಹೇಳಿದರು:

"ರಾಗಿ ಸಾಲ್ನಾಗೆ ಹುಚ್ಚೆಳ್ಳು ಹೂ ಬಿಟ್ಟೈತೆ ಕಣವ್ವ. ಹಳದೀಗೆ ಹೆಂಗ್ ಕಾಣ್ತದೆ ನೋಡು."

ಹೇಳಿ, ಹತ್ತಿಯನ್ನು ಮತ್ತೆ ಹಲ್ಲಿನ ಜಾಗಕ್ಕೆ ಇಟ್ಟುಕೊಂಡು, ಸೆರಗು ಇಳಿಸಿ, ಎರಡೂ ಕಣ್ಣಲ್ಲಿ ಹೊರಗೆ ನೋಡುತ್ತಾ ಕೂತರು.